ತಾಳ ಕೂಡಿಸುವ ಹುಡುಗ

ಡಿಜೆ ಎಂಬ ಎರಡಕ್ಷರಕ್ಕೆ ಕನ್ನಡ ನಾಡಿನಲ್ಲಿ ಬಂದಿರುವ ಅರ್ಥವೇ ಬೇರೆ. ಮೂಲದಲ್ಲಿ ಅದು ಡಿಸ್ಕ್ ಜಾಕಿ. ಹಾಡಿನ ತಟ್ಟೆಗಳನ್ನು ಒಂದಾದ ಮೇಲೊಂದು ಹಾಕಿ ಜನಕ್ಕೆ ಕೇಳಿಸುವ ಮನುಷ್ಯ. ಇಲ್ಲಿಗೆ ಬರುವಷ್ಟರಲ್ಲಿ ಮನುಷ್ಯ ಮಾಯವಾಗಿ ಪೆಟ್ಟಿಗೆ ಮಾತ್ರ ಉಳಿಯಿತು. ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಆಳೆತ್ತರಕ್ಕೆ ಪೇರಿಸಿದ ಸ್ಪೀಕರುಗಳಿಗೇ ಜನ ಡಿಜೆ ಎನ್ನುತ್ತಾರೆ. ‘ಈ ಸಲ ದೊಡ್ಡ ಡಿಜೆ ತರಿಸ್ಯಾರ’, ‘ಪೊಲೀಸರು ಡಿಜೆ ಹಿಡ್ಕೊಂಡು ಹೋದ್ರು’ ಎಂಬ ಮಾತುಗಳಲ್ಲಿ ಸಂಗೀತಗಾರನ ಸುಳಿವೇ ಇಲ್ಲ. ಭಾದ್ರಪದ ಬಂತೆಂದರೆ ಎಷ್ಟೋ ಜಿಲ್ಲೆಗಳಲ್ಲಿ ಡಿಜೆ ನಿಷೇಧದ ಆದೇಶ ಹೊರಡುತ್ತದೆ. ಅದರ ಹಿಂದೆಯೇ ವಿನಾಯಿತಿ ಕೇಳುವ ಮನವಿಗಳೂ ಹೊರಡುತ್ತವೆ. ಈ ಗದ್ದಲದ ನಡುವೆ ಆ ಪೆಟ್ಟಿಗೆಗಳ ಹಿಂದೆ ಒಬ್ಬ ಕುಳಿತಿರುತ್ತಾನೆ, ಅವನಿಗೂ ಒಂದು ಕಸುಬು ಇರಬಹುದು, ಅದನ್ನು ಅವನು ಎಲ್ಲಿಯೋ ಕಲಿತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ರಾಣೆಬೆನ್ನೂರು ತಾಲೂಕಿನ ಹಳ್ಳಿಯ ಹುಡುಗನೊಬ್ಬನಿಗೆ ಅದು ಹೊಳೆಯಿತು. ಇಪ್ಪತ್ತನಾಲ್ಕರ ಪ್ರಾಯ. ಐಟಿಐ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಪವರ್ ಪ್ರೆಸ್ ಶಾಪಿನಲ್ಲಿ ಕೆಲಸ. ಲಗ್ಗೆರೆಯಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ. ಊರಿನ ಮೆರವಣಿಗೆಯಲ್ಲಿ ಎಲ್ಲರೂ ಲಾರಿಯ ಮುಂದೆ ಕುಣಿಯುತ್ತಿದ್ದರೆ ಇವನು ಲಾರಿಯ ಹಿಂದಕ್ಕೆ ಹೋಗಿ ನಿಂತ. ಅಲ್ಲಿದ್ದವನ ಕೈಯಲ್ಲಿ ಒಂದು ಹಾಡು ಮುಗಿಯುವುದೂ ಇನ್ನೊಂದು ಶುರುವಾಗುವುದೂ ಗೊತ್ತೇ ಆಗುತ್ತಿರಲಿಲ್ಲ. ಕುಣಿಯುವವರ ಹೆಜ್ಜೆ ಒಂದು ಸಲವೂ ತಡವರಿಸಲಿಲ್ಲ. ಎರಡು ಹಾಡುಗಳ ನಡುವಿನ ಆ ಜಾಗದಲ್ಲಿ ಏನು ನಡೆಯುತ್ತದೆ ಎಂಬ ಕುತೂಹಲವೇ ಅವನನ್ನು ಹಿಡಿದದ್ದು. ಬೆಂಗಳೂರಿಗೆ ಮರಳಿದವನು ಎಸ್.ಪಿ. ರೋಡಿನಲ್ಲಿ ಕೈಬದಲಾದ ಒಂದು ಲ್ಯಾಪ್‌ಟಾಪ್ ಕೊಂಡ. ಮಿಕ್ಸ್ ಎಂಬ ತಂತ್ರಾಂಶ ಯಾರಾದರೂ ಹಣ ಕೊಡದೆ ಬಳಸಬಹುದಾದದ್ದು. ಹಳೆಯ ಯಂತ್ರದಲ್ಲೂ ಓಡುತ್ತದೆ. ಅದನ್ನು ಇಳಿಸಿಕೊಂಡ.

ಮೊದಲ ತೊಡಕು ಸಂಗೀತದ್ದಲ್ಲ, ತಂತಿಯದು. ಈ ಕೆಲಸ ಮಾಡುವವನಿಗೆ ಎರಡು ದಾರಿ ಬೇಕು. ಜನಕ್ಕೆ ಕೇಳುವ ಹಾಡು ಸ್ಪೀಕರಿಗೆ ಹೋಗಬೇಕು, ಮುಂದೆ ಬರಲಿರುವ ಹಾಡು ಅವನ ಕಿವಿಯ ಹೆಡ್‌ಫೋನಿಗೆ ಮಾತ್ರ ಬರಬೇಕು. ಲ್ಯಾಪ್‌ಟಾಪಿಗೆ ಇರುವುದು ಒಂದೇ ತೂತು. ಅದೇ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಪೆನ್‌ಡ್ರೈವಿನಷ್ಟು ದೊಡ್ಡ ಸೌಂಡ್ ಕಾರ್ಡನ್ನು ಪಕ್ಕಕ್ಕೆ ಸಿಕ್ಕಿಸಿದ ಮೇಲೆ ದಾರಿ ಎರಡಾಯಿತು. ಮಿಕ್ಸರ್ ಇಲ್ಲ, ತಿರುಗುವ ತಟ್ಟೆಯಿಲ್ಲ. ಕೀಬೋರ್ಡಿನ ಗುಂಡಿಗಳೇ ಎಲ್ಲ.

ಸಮಸ್ಯೆ ಏನೆಂದು ಲೆಕ್ಕದಲ್ಲಿ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಕುಣಿತದ ಸಂಗೀತದಲ್ಲಿ ಕಿಕ್ ಡ್ರಮ್ಮಿನ ‘ಧಂ’ ಎಂಬ ಪೆಟ್ಟು ಒಂದೇ ಸಮನೆ ಬೀಳುತ್ತಿರುತ್ತದೆ. ಒಂದು ಹಾಡಿನಲ್ಲಿ ನಿಮಿಷಕ್ಕೆ 120 ಪೆಟ್ಟು, ಇನ್ನೊಂದರಲ್ಲಿ 126 ಎಂದುಕೊಳ್ಳಿ. ಮೊದಲನೆಯದನ್ನು ಶೇಕಡ 5ರಷ್ಟು ವೇಗವಾಗಿ ಓಡಿಸಿದರೆ ಎರಡೂ ಸಮ. ಇಷ್ಟೇ ಆಗಿದ್ದರೆ ಐದನೆಯ ತರಗತಿಯ ಹುಡುಗನೂ ಮಾಡಬಹುದಿತ್ತು. ಆದರೆ 126ಕ್ಕೆ ಬದಲು 125.5ಕ್ಕೆ ನಿಲ್ಲಿಸಿದಿರಿ ಎನ್ನಿ. ಒಂದು ನಿಮಿಷ ಕಳೆಯುವಷ್ಟರಲ್ಲಿ ಅರ್ಧ ಪೆಟ್ಟಿನ ಅಂತರ ಬಿದ್ದು, ಒಂದರ ‘ಧಂ’ ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಕುದುರೆ ಕಲ್ಲುಹಾಸಿನ ಮೇಲೆ ಓಡಿದ ಹಾಗೆ ಕೇಳುತ್ತದೆ. ಕುಣಿಯುತ್ತಿದ್ದವರು ತಟಸ್ಥರಾಗಿ ಲಾರಿಯ ಕಡೆ ನೋಡುತ್ತಾರೆ.

ವೇಗ ಕೂಡಿದರೂ ಸಾಲದು. ಎರಡೂ ಪೆಟ್ಟುಗಳು ಒಂದೇ ಗಳಿಗೆಯಲ್ಲಿ ಬೀಳಬೇಕು. ಆಳದ ಸ್ವರ 50 ಹರ್ಟ್ಸಿನದಾದರೆ ಒಂದು ಅಲೆ ಪೂರ್ತಿಯಾಗಲು ಸೆಕೆಂಡಿನ ಸಾವಿರದ 20 ಭಾಗ ಸಾಕು. ಎರಡು ಸಮನಾದ ಅಲೆಗಳು ಅದರ ಅರ್ಧದಷ್ಟು, ಅಂದರೆ ಸಾವಿರದ 10 ಭಾಗದಷ್ಟು ಹಿಂದುಮುಂದಾದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಕೂತು ಎರಡೂ ಅಳಿಸಿಹೋಗುತ್ತವೆ. ಸರಿಯಾಗಿ ಕೂತರೆ ಎತ್ತರ ಇಮ್ಮಡಿಯಾಗಿ ಸ್ಪೀಕರು ಒದರುತ್ತದೆ. ಎರಡೂ ಬೇಡದ್ದೇ. ಆದ್ದರಿಂದ ಬಲ್ಲವರು ಹೊಸ ಹಾಡಿನ ಆಳದ ಸ್ವರವನ್ನು ಮೊದಲು ಕತ್ತರಿಸಿಟ್ಟು, ಸರಿಯಾದ ಹೊತ್ತಿಗೆ ಹಳೆಯದರ ಆಳವನ್ನು ತೆಗೆದು ಹೊಸದರದ್ದನ್ನು ಬಿಡುತ್ತಾರೆ. ಕೇಳುಗನಿಗೆ ಗೊತ್ತಾಗುವುದು ‘ಏನೋ ಒಂದು ಬದಲಾಯಿತು’ ಎಂಬಷ್ಟೇ.

ಈ ವಿದ್ಯೆ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಂಕ್ಚುಯರಿ ಎಂಬ ಕುಣಿತದ ಮನೆಯಿತ್ತು. ಮುಂಚೆ ಅದು ಚರ್ಚಾಗಿದ್ದ ಕಟ್ಟಡ. ಅಲ್ಲಿ ಫ್ರಾನ್ಸಿಸ್ ಗ್ರಾಸೋ ಎಂಬಾತ ಎರಡು ಗ್ರಾಮಫೋನ್ ತಟ್ಟೆಗಳ ತಾಳವನ್ನು ಕಿವಿಯಿಂದಲೇ ಕೂಡಿಸುತ್ತಿದ್ದ. ಕೆಳಗಿನ ಚಕ್ರ ತಿರುಗುತ್ತಲೇ ಇರುತ್ತದೆ, ನಡುವೆ ಒಂದು ಮೆತ್ತನೆಯ ಬಟ್ಟೆ, ಮೇಲಿನ ತಟ್ಟೆಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಬೇಕಾದ ಗಳಿಗೆಗೆ ಬಿಡುವುದು. ಆಗಿನ ಹಾಡುಗಳನ್ನು ನುಡಿಸಿದವರು ಮನುಷ್ಯರೇ ಆದ್ದರಿಂದ ಅವುಗಳ ಲಯ ಏರುತ್ತಿತ್ತು, ಇಳಿಯುತ್ತಿತ್ತು. ಕೂಡಿಸಿದ್ದನ್ನು ಹಿಡಿದಿಟ್ಟುಕೊಳ್ಳಲು ಪ್ರತಿ ಗಳಿಗೆಯೂ ತಟ್ಟೆಯ ಅಂಚನ್ನು ಸವರುತ್ತಲೇ ಇರಬೇಕಿತ್ತು. ಜಪಾನಿನ ಮತ್ಸುಶಿತ ಕಂಪನಿ 1972ರಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಯಂತ್ರವನ್ನು ತಂದಿತು. ಅದರಲ್ಲಿ ಬೆಲ್ಟ್ ಇಲ್ಲ, ಮೋಟರಿನ ಅಚ್ಚೇ ತಟ್ಟೆಯನ್ನು ತಿರುಗಿಸುತ್ತದೆ. ಹೀಗಾಗಿ ಕೈಯಿಂದ ಹಿಡಿದು ಬಿಟ್ಟರೂ ತಟ್ಟನೆ ವೇಗಕ್ಕೆ ಬರುತ್ತದೆ. 1979ರ ಎರಡನೆಯ ಮಾದರಿಯಲ್ಲಿ ವೇಗವನ್ನು ಶೇಕಡ 8ರವರೆಗೆ ಏರಿಸಿ ಇಳಿಸುವ ಜಾರುಗುಂಡಿಯೂ ಬಂತು. ಸಂಗೀತಪ್ರಿಯರು ಮನೆಯಲ್ಲಿಟ್ಟು ಕೇಳಲೆಂದು ಮಾಡಿದ ಯಂತ್ರವದು. ಅದನ್ನು ವಾದ್ಯವನ್ನಾಗಿ ಮಾಡಿಕೊಂಡವರು ಬೇರೆಯವರು.

ಆ ಬೇರೆಯವರು ಯಾರೆಂಬುದೂ ಗಮನಿಸತಕ್ಕದ್ದು. ಷಿಕಾಗೊ ನಗರದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕೀ ನಕಲ್ಸ್ ಹಾಡು ಕೂಡಿಸುತ್ತಿದ್ದ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಮತ್ತು ಲ್ಯಾಟಿನೊ ಯುವಕರು, ಸಲಿಂಗಿಗಳು. ಊರಿನ ಉಳಿದ ಕಡೆ ಅವರಿಗೆ ಬಾಗಿಲು ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. 1979ರ ಜುಲೈ 12ರಂದು ಅದೇ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಎರಡು ಪಂದ್ಯಗಳ ನಡುವೆ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ, ನೆಲ ಹಾಳಾಗಿ, ಎರಡನೆಯ ಪಂದ್ಯ ನಡೆಯಲೇ ಇಲ್ಲ. ಡಿಸ್ಕೋ ಸತ್ತಿತೆಂದು ಪತ್ರಿಕೆಗಳು ಬರೆದವು. ವೇರ್‌ಹೌಸಿನ ಸಂಗೀತಕ್ಕೆ ಮುಂದೆ ಆ ಮನೆಯ ಹೆಸರಿನ ಬಾಲವೇ ಅಂಟಿ ‘ಹೌಸ್’ ಎಂದಾಯಿತು. ನೆರೆಯ ಡೆಟ್ರಾಯಿಟಿನ ಹುಡುಗರು ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಬೆಳೆಸಿದ್ದು ‘ಟೆಕ್ನೋ’.

ಅವರ ಕೈಗೆ ಸಿಕ್ಕ ವಾದ್ಯಗಳದ್ದೂ ಒಂದು ಕತೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರವನ್ನೂ, ಮರುವರ್ಷವೇ ಟಿಬಿ-303 ಎಂಬ ಚಿಕ್ಕ ಪೆಟ್ಟಿಗೆಯನ್ನೂ ತಂದಿತು. ಎರಡನೆಯದು ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ವಾದ್ಯದ ಸಾಥ್ ಕೊಡಲಿ ಎಂದು ಮಾಡಿದ್ದು. ಅದರ ದನಿ ಯಾವ ಕೋನದಿಂದಲೂ ಬೇಸ್ ಗಿಟಾರಿನಂತೆ ಇರಲಿಲ್ಲ. ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ನಿಂತುಹೋಗಿ ಹಳೆಯ ಸಾಮಾನಿನ ಅಂಗಡಿ ಸೇರಿತು. ಅಲ್ಲಿಂದ ಅಗ್ಗಕ್ಕೆ ಕೊಂಡ ಷಿಕಾಗೊದ ಹುಡುಗರು ಅದರ ಗುಂಡಿಗಳನ್ನು ತಿರುವಬಾರದ ರೀತಿಯಲ್ಲಿ ತಿರುವಿ 1987ರಲ್ಲಿ ‘ಆಸಿಡ್’ ಎಂಬ ಹೊಸ ಬಗೆಯನ್ನೇ ಹುಟ್ಟಿಸಿದರು. ಇದಕ್ಕೆ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಚಿತ್ರಸಂಗೀತದ ವಾದಕ ಚರಣಜಿತ್ ಸಿಂಗ್ ಇದೇ ಎರಡು ಯಂತ್ರಗಳನ್ನು ಇಟ್ಟುಕೊಂಡು ಲಲಿತ, ಭೂಪಾಲಿ, ತೋಡಿ, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಒಂದು ಧ್ವನಿಮುದ್ರಿಕೆ ಹೊರತಂದಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ಮೂಗಿನ ಮೇಲೆ ಬೆರಳಿಟ್ಟರು. ಅಜ್ಜ ಕೊನೆಗಾಲದಲ್ಲಿ ಅಲ್ಲಿಯ ವೇದಿಕೆಗಳಲ್ಲೂ ನುಡಿಸಿ 2015ರಲ್ಲಿ ತೀರಿಕೊಂಡರು. ಲಗ್ಗೆರೆಯ ಕೋಣೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ಪತ್ರಿಕೆಯಿಂದ ಕತ್ತರಿಸಿದ ಅವರ ಚಿತ್ರವೊಂದಿದೆ.

ಈಗಿನ ಗಣಕಯಂತ್ರ ಈ ಎಲ್ಲ ಪರಿಶ್ರಮವನ್ನು ಒಂದು ಗುಂಡಿಗೆ ಇಳಿಸಿಬಿಟ್ಟಿದೆ. ಅದರ ಹೆಸರು ‘ಸಿಂಕ್’. ಹಾಡನ್ನು ಒಳಗೆ ಹಾಕಿದೊಡನೆ ತಂತ್ರಾಂಶ ಅದರ ಏರಿಳಿತಗಳನ್ನು ಅಳೆದು, ದನಿ ಥಟ್ಟನೆ ಮೇಲೇಳುವ ಜಾಗಗಳನ್ನು ಗುರುತಿಸಿ, ಅವು ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತವೆ ಎಂದು ಲೆಕ್ಕ ಹಾಕಿ, ಹಾಡಿನ ಉದ್ದಕ್ಕೂ ಗೀಟುಗಳನ್ನು ಎಳೆದಿಡುತ್ತದೆ. ಗುಂಡಿ ಒತ್ತಿದರೆ ಎರಡು ಹಾಡಿನ ಗೀಟುಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಹುಡುಗನಿಗೆ ಮೊದಲ ವಾರ ಸ್ವರ್ಗ. ಹತ್ತು ನಿಮಿಷದಲ್ಲಿ ಅವನು ಗ್ರಾಸೋನನ್ನು ಮೀರಿಸಿದ್ದ. ಎರಡನೆಯ ವಾರ ಬೇಸರ ಶುರುವಾಯಿತು. ಒಂದು ದಿನ ಕೋರಮಂಗಲದ ಪಬ್ಬೊಂದರಲ್ಲಿ ಹಾಡು ಹಾಕುವವನೊಬ್ಬ ಪರಿಚಯವಾಗಿ, ಇವನ ಕೈಚಳಕ ನೋಡಿ ನಕ್ಕ. ‘ಮೊದಲು ಆ ನಂಬರ್ ಮೇಲೆ ಟೇಪ್ ಅಂಟಿಸು ಗುರು. ಕಣ್ಣು ಕೆಲಸ ಮಾಡ್ತಿದ್ರೆ ಕಿವಿ ಯಾಕೆ ಮಾಡುತ್ತೆ?’

ಹುಡುಗ ಅಂದೇ ಪರದೆಯ ಮೇಲೆ, ವೇಗ ತೋರಿಸುವ ಜಾಗಕ್ಕೂ ಅಲೆಯ ಚಿತ್ರಕ್ಕೂ ಅಡ್ಡವಾಗಿ ಕಪ್ಪು ಇನ್ಸುಲೇಷನ್ ಟೇಪು ಹಚ್ಚಿದ. ಅವತ್ತು ರಾತ್ರಿ ಅವನಿಂದ ಎರಡು ಹಾಡುಗಳನ್ನು ಅರ್ಧ ನಿಮಿಷ ಕೂಡಿಸಿಡಲು ಆಗಲಿಲ್ಲ. ಒಂದು ಕಿವಿಗೆ ಸ್ಪೀಕರಿನ ಹಾಡು, ಇನ್ನೊಂದಕ್ಕೆ ಹೆಡ್‌ಫೋನಿನ ಹಾಡು. ತಪ್ಪಿದ್ದು ಕೇಳುತ್ತದೆ, ಆದರೆ ಯಾವುದು ಮುಂದಾಯಿತು, ಯಾವುದು ಹಿಂದಾಯಿತು ಎಂಬುದೇ ತಿಳಿಯುವುದಿಲ್ಲ. ಈ ಗೊಂದಲ ಕಲಿಯುವ ಎಲ್ಲರದ್ದೂ. ಅದಕ್ಕೆ ಉಪಾಯ ಒಂದೇ: ಯಾವುದಾದರೂ ಒಂದು ಕಡೆಗೆ ನೂಕಿ ನೋಡುವುದು, ಕೆಟ್ಟರೆ ಆ ಕಡೆ ತಪ್ಪು ಎಂದು ಇನ್ನೊಂದು ಕಡೆಗೆ ನೂಕುವುದು. ಪ್ರಯೋಗಶಾಲೆಯಲ್ಲಿ ಶ್ರುತಿಕವೆಗಳ ಎರಡು ಸ್ವರಗಳನ್ನು ಕೂಡಿಸಿ ಮಿಡಿತ ಎಣಿಸುವಾಗ ಮಾಡುವುದೂ ಇದನ್ನೇ. ಹಾಡಿನ ವೇಗವನ್ನು ಅವನು ಗಡಿಯಾರ ನೋಡಿ ಕಂಡುಕೊಳ್ಳುತ್ತಿದ್ದ. ಹದಿನೈದು ಸೆಕೆಂಡು ತೊಡೆಯ ಮೇಲೆ ತಾಳ ಹಾಕಿ ನಾಲ್ಕರಿಂದ ಗುಣಿಸುವುದು. 128ರ ವೇಗದ ಹಾಡಾದರೆ ಹದಿನೈದು ಸೆಕೆಂಡಿಗೆ ಸರಿಯಾಗಿ 32 ಪೆಟ್ಟು. ಈ ಸಂಗೀತದಲ್ಲಿ ಹೊಸ ವಾದ್ಯ ಸೇರುವುದು, ಹಳೆಯದು ಬಿಡುವುದು ಸಾಮಾನ್ಯವಾಗಿ 32 ಪೆಟ್ಟಿನ ಕೊನೆಯಲ್ಲೇ ಎಂಬುದು ಅವನಿಗೆ ಹೀಗೆ ತಾನಾಗಿಯೇ ತಿಳಿಯಿತು. ಎರಡು ತಿಂಗಳ ಮೇಲೆ ಟೇಪಿನ ಅಂಚು ಕಿತ್ತುಬಂದಿತ್ತು. ಅಷ್ಟರಲ್ಲಿ ನಿಮಿಷಕ್ಕೆ ಅರ್ಧ ಪೆಟ್ಟಿನ ವ್ಯತ್ಯಾಸ ಅವನ ಕಿವಿಗೆ ಕಲ್ಲು ಸಿಕ್ಕ ಅನ್ನದಂತೆ ತಗಲುತ್ತಿತ್ತು.

ಆ ಕಿವಿಗೇ ಕೇಡು ಬರುವುದರಲ್ಲಿತ್ತು. ಒಂದು ಭಾನುವಾರ ಬೆಳಿಗ್ಗೆ ಎದ್ದಾಗ ಎಡಗಿವಿಯಲ್ಲಿ ಸಣ್ಣಗೆ ಜೀರುಂಡೆಯ ಸದ್ದು. ಸಂಜೆಗೆ ನಿಲ್ಲುತ್ತದೆಂದುಕೊಂಡದ್ದು ಬುಧವಾರದವರೆಗೂ ನಿಲ್ಲಲಿಲ್ಲ. ಪರೀಕ್ಷೆ ಮಾಡಿದ ವೈದ್ಯರು ಕಾಗದದ ಮೇಲಿನ ಗೆರೆಯನ್ನು ತೋರಿಸಿದರು: ಎಲ್ಲ ಕಡೆ ನೇರವಾಗಿದ್ದ ಗೆರೆ 4000 ಹರ್ಟ್ಸಿನ ಹತ್ತಿರ ಚಿಕ್ಕದಾಗಿ ಕೆಳಗೆ ಬಾಗಿತ್ತು. ಗದ್ದಲದಿಂದ ಕಿವಿ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ ಆರಂಭ. ಸುಮ್ಮನೆ ಮಾತಾಡುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಒಳಗಿವಿಯ ಶಂಖದಲ್ಲಿ ಶಬ್ದವನ್ನು ಗ್ರಹಿಸುವ ಕೂದಲಿನಂಥ ಜೀವಕೋಶಗಳು ಹದಿನೈದು ಸಾವಿರದಷ್ಟು ಇರುತ್ತವೆ. ಮನುಷ್ಯನಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಹೆಡ್‌ಫೋನನ್ನು ದೂರಿ ಸುಮ್ಮನಾಗಬಹುದಿತ್ತು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದಾದ ಶಬ್ದದ ಮಟ್ಟ 85 ಡೆಸಿಬೆಲ್ ಎಂಬುದು ಕಿವಿಯ ಆರೋಗ್ಯ ಬಲ್ಲವರ ಮಾತು. ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಅವಧಿ ಅರ್ಧವಾಗುತ್ತ ಹೋಗುತ್ತದೆ. 88 ಆದರೆ ನಾಲ್ಕು ಗಂಟೆ, 91 ಆದರೆ ಎರಡು, 100 ಆದರೆ ಬರೀ ಹದಿನೈದು ನಿಮಿಷ. ಹುಡುಗ ಪ್ರೆಸ್ ಶಾಪಿನಲ್ಲಿ ತನ್ನ ಮೊಬೈಲಿನಿಂದ ಅಳೆದು ನೋಡಿದ. ಆ ಅಳತೆ ಕಟ್ಟುನಿಟ್ಟಿನದಲ್ಲ ನಿಜ. ಆದರೂ ಮುಳ್ಳು 91ರ ಕೆಳಗೆ ಇಳಿಯಲೊಲ್ಲದು. ಅಂದರೆ ಬೆಳಗಿನ ಚಹಾದ ಗಂಟೆ ಹೊಡೆಯುವ ಮುನ್ನವೇ ಅವನ ಕಿವಿಯ ಆ ದಿನದ ಪಡಿತರ ಮುಗಿದಿರುತ್ತಿತ್ತು. ಸಂಜೆ ಕೋಣೆಗೆ ಬಂದು ಕಿವಿಗೆ ಹೆಡ್‌ಫೋನ್ ಏರಿಸಿದಾಗ ಅವನು ಖರ್ಚು ಮಾಡುತ್ತಿದ್ದದ್ದು ಸಾಲದ ಹಣ. ಅದೂ ಮಂದವಾದ ಕಿವಿಗೆ ಕೇಳಲೆಂದು ದನಿಯನ್ನು ಇನ್ನಷ್ಟು ಏರಿಸಿಕೊಂಡು.

ಶಾಪಿನ ಮೇಜಿನ ಖಾನೆಯಲ್ಲಿ ಕಿವಿಗೆ ಇಡುವ ಹಳದಿ ಫೋಮಿನ ಬಿರಡೆಗಳ ಪೊಟ್ಟಣ ಒಡೆಯದೆ ಬಿದ್ದಿತ್ತು. ಹಾಕಿಕೊಂಡವನನ್ನು ಉಳಿದವರು ‘ಏನಪ್ಪ ಹೆಂಗಸರ ಥರ’ ಎಂದು ಕಾಡುತ್ತಾರೆ. ಹೆಂಗಸರು ಬಿರಡೆ ಹಾಕಿಕೊಳ್ಳುವುದನ್ನು ಯಾರು ಎಲ್ಲಿ ಕಂಡರೋ ತಿಳಿಯದು! ಹುಡುಗ ಕಾಡಿಸಿಕೊಂಡೇ ಹಾಕಿಕೊಂಡ. ರಾತ್ರಿಯ ಅಭ್ಯಾಸವನ್ನು ಮೂರು ಗಂಟೆಯಿಂದ ಒಂದು ಗಂಟೆಗೆ ಇಳಿಸಿದ, ದನಿಯನ್ನು ಪಕ್ಕದವರ ಮಾತು ಕೇಳುವ ಮಟ್ಟಕ್ಕೆ ತಂದ. ಜೀರುಂಡೆ ಒಂಬತ್ತನೆಯ ದಿನ ನಿಂತಿತು. ಆ ವರ್ಷದ ಗಣಪತಿಗೆ ಊರಿನ ಯುವಕರು ಲಾರಿಯ ಮೇಲೆ ಕೂರಲು ಇವನನ್ನೇ ಕರೆದರು, ದುಡ್ಡೂ ಕೊಡುತ್ತೇವೆಂದರು. ಇವನು ರಾತ್ರಿ ಹತ್ತಕ್ಕೆ ಬಂದ್, ಅರ್ಧಕ್ಕರ್ಧ ಸ್ಪೀಕರ್ ಮಾತ್ರ ಎಂದ. ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ನೇ ಇಸವಿಯಿಂದಲೇ ಇದೆ. ಆದರೆ ಅದನ್ನು ಹುಡುಗರು ಪೊಲೀಸರ ಬಾಯಲ್ಲಿ ಕೇಳಿ ರೂಢಿ, ಡಿಜೆಯ ಬಾಯಲ್ಲಿ ಅಲ್ಲ. ಬೇರೊಬ್ಬನನ್ನು ಹಾವೇರಿಯಿಂದ ಕರೆಸಿಕೊಂಡರು.

ಅವನ ತಂದೆ ಊರಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ತಬಲಾ ನುಡಿಸುವವರು. ಕಲಿತದ್ದು ಗುರುವಿನ ಬಳಿ ಕುಳಿತಲ್ಲ, ಗುಡಿಯ ಕಟ್ಟೆಯ ಮೇಲೆ. ಶ್ರಾವಣದ ರಜೆಗೆ ಬಂದ ಮಗ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಅವರು ಹತ್ತಿರ ಬಂದು ಕೂತರು. ಎರಡು ಹಾಡುಗಳನ್ನು ಮಗ ಕೂಡಿಸಿ ತೋರಿಸಿದ. ಅಪ್ಪ ಕಣ್ಣು ಮುಚ್ಚಿ ಬೆರಳು ಎಣಿಸುತ್ತ ಕೇಳಿದರು.

‘ಪೆಟ್ಟೇನೋ ಕೂಡ್ಯಾವು. ಸಮ ಎಲ್ಲಿ ಕೂಡೈತಿ?’

‘ಇದರಾಗ ಸಮ ಎಲ್ಲಿಂದ ಬರತೈತಪಾ? ಎಲ್ಲಾ ಪೆಟ್ಟೂ ಒಂದ ನಮೂನಿ ಅದಾವು.’

‘ಕೇಳಾಕ ಒಂದ ನಮೂನಿ. ಆದರ ಆ ಚಪ್ಪಾಳಿ ಮತ್ತ ಶುರು ಆಗೂ ಪೆಟ್ಟು ಬ್ಯಾರೆ ಐತಿ ನೋಡು. ನೀ ಅದನ್ನ ಬಿಟ್ಟು ಐದನೇ ಪೆಟ್ಟಿಗೆ ಹೊಸಾದು ಎತ್ತೀದಿ. ಮನಿ ಮುಂದ ಬಂದು ಒಳಗ ಬರದ ಓಣ್ಯಾಗ ಅಡ್ಡಾಡಿದಂಗ ಆತು.’

ಮಾತು ಸರಿಯಾಗಿತ್ತು. ಹುಡುಗನಿಗೆ 32ರ ಲೆಕ್ಕ ಗೊತ್ತಿತ್ತು, ಆದರೆ ಎಣಿಕೆ ಎಲ್ಲಿಂದ ಆರಂಭ ಎಂಬುದನ್ನು ಅವನು ಕಣ್ಣಂದಾಜಿಗೆ ಬಿಟ್ಟಿದ್ದ. ಅಪ್ಪನ ಕೆಹರವಾ ಎಂಟು ಮಾತ್ರೆಯದು. ನಾಲ್ಕು ಆವರ್ತನವಾದರೆ ಮೂವತ್ತೆರಡು. ಷಿಕಾಗೊದವರದ್ದೂ ಮೂವತ್ತೆರಡೇ. ಎರಡು ಲೆಕ್ಕಗಳು ಹೀಗೆ ಕೂಡಿಬಂದದ್ದರಲ್ಲಿ ಗೂಢವೇನೂ ಇಲ್ಲ, ಎರಡನ್ನು ಇಮ್ಮಡಿಸುತ್ತ ಹೋದರೆ ಯಾರಾದರೂ ಅಲ್ಲಿಗೇ ಬರುತ್ತಾರೆ. ಆದರೆ ಹುಡುಗನ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಅಮಾವಾಸ್ಯೆಯ ಭಜನೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡ. ಶಿಶುನಾಳ ಶರೀಫರ ಒಂದು ತತ್ವಪದ. ಪೇಟಿ, ತಬಲಾ, ತಾಳ, ಏಳೆಂಟು ಕಂಠ. ಇದನ್ನು ಒಂದು ಹೌಸ್ ತಾಳದ ಮೇಲೆ ಕೂರಿಸಬೇಕು.

ಕಂಪ್ಯೂಟರ್ ಮೊದಲ ಬಾರಿಗೆ ಕೈಚೆಲ್ಲಿತು. ಪದವನ್ನು ಅಳೆದು, ವೇಗ 115 ಎಂದು ಹೇಳಿ, ಉದ್ದಕ್ಕೂ ಗೀಟು ಎಳೆಯಿತು. ನಡುವಿನ ಒಂದು ನುಡಿಯಲ್ಲಿ ಗೀಟು ಸರಿ. ಮೊದಲೂ ಕೊನೆಯೂ ಎಲ್ಲೆಲ್ಲೋ. ಹೊಳೆಯ ಸರಾಸರಿ ಆಳ ನೋಡಿ ಮಕ್ಕಳನ್ನು ದಾಟಿಸಹೊರಟ ಲೆಕ್ಕದ ಮೇಷ್ಟರ ಕತೆ ಕೇಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹುಡುಗ ಗಡಿಯಾರ ಇಟ್ಟುಕೊಂಡು ತಾಳ ಹಾಕಿ ನೋಡಿದ. ಪದ ಎತ್ತುವಾಗ ಹದಿನೈದು ಸೆಕೆಂಡಿಗೆ 26 ಮಾತ್ರೆ, ಮುಗಿಯುವಾಗ 31. ಅಂದರೆ 104ರಿಂದ 124. ಭಜನೆ ಏರಬೇಕಾದದ್ದೇ ಹಾಗೆ. ಹಾಡುವವರಿಗೆ ಹುರುಪು ಬಂದಂತೆ ಲಯ ಬಿಗಿಯುತ್ತದೆ. ಏರದಿದ್ದರೆ ಅದು ಭಜನೆಯೇ ಅಲ್ಲ. ಸಿಂಕ್ ಗುಂಡಿಗೆ ಇದು ಅರ್ಥವಾಗುವ ಮಾತಲ್ಲ.

ಭಜನೆಯನ್ನೇ ತಿದ್ದಿ ಒಂದೇ ವೇಗಕ್ಕೆ ಎಳೆದು ಕೂರಿಸಬಹುದು. ಸ್ವರ ಕೆಡದಂತೆ ವೇಗ ಬದಲಿಸುವ ಉಪಾಯ ತಂತ್ರಾಂಶದಲ್ಲಿದೆ: ದನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದರ ಮೇಲೊಂದು ಜರುಗಿಸಿ ಅಂಟಿಸುತ್ತದೆ. ಹುಡುಗ ಮಾಡಿ ನೋಡಿದ. ತಬಲಾದ ಕಡಕ್ ಪೆಟ್ಟುಗಳು ನೆನೆದ ಹಪ್ಪಳದಂತಾದವು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಮೂರನೆಯ ನುಡಿಗೆ ಕೈ ಬಿಗಿಮಾಡುವ ಜಾಗವೇ ಸಪಾಟಾಗಿಹೋಯಿತು. ಅದನ್ನು ಅಳಿಸಿ ಹಾಕಿ ಅವನು ತಿರುಗಾಮುರುಗಾ ಮಾಡಿದ. ಭಜನೆ ಇದ್ದಂತೆ ಇರಲಿ, ಯಂತ್ರದ ತಾಳವೇ ಅದರ ಹಿಂದೆ ನಡೆಯಲಿ. 112ರ ಒಂದು ತಾಳವನ್ನು ತೆಗೆದುಕೊಂಡ; ಶೇಕಡ 7ರಷ್ಟು ಇಳಿಸಿದರೆ 104, ಸುಮಾರು 11ರಷ್ಟು ಏರಿಸಿದರೆ 124. ಜಾರುಗುಂಡಿಯ ಮೇಲೆ ಬೆರಳಿಟ್ಟು, ಪದದ ಉದ್ದಕ್ಕೂ, ಆರು ನಿಮಿಷ, ಕಿವಿಯೊಂದನ್ನೇ ನಂಬಿ ಅದನ್ನು ಮೇಲೆ ಮೇಲೆ ಕರೆದೊಯ್ಯಬೇಕು. ಗ್ರಾಸೋ ತಟ್ಟೆಯ ಅಂಚು ಸವರುತ್ತಿದ್ದನಲ್ಲ, ಅದೇ ಕೆಲಸ. ಇದರಲ್ಲೂ ಒಂದು ಪೇಚು. ಕಂಪ್ಯೂಟರು ಸೆಕೆಂಡಿಗೆ 44,100ರಂತೆ ಬರುವ ದನಿಯ ಅಳತೆಗಳನ್ನು ಸಾವಿರದಷ್ಟು ಗುಡ್ಡೆ ಹಾಕಿಕೊಂಡೇ ಹೊರಗೆ ಬಿಡುವುದರಿಂದ ಬೆರಳಿಗೂ ಕಿವಿಗೂ ನಡುವೆ ಸಾವಿರದ 23 ಭಾಗದಷ್ಟು ತಡ. ಅಷ್ಟು ಮುಂಚೆಯೇ ಬೆರಳು ಹೊರಡಬೇಕು. ಡಗ್ಗಾ ನುಡಿಯುವಲ್ಲೆಲ್ಲ ಕಿಕ್ ಡ್ರಮ್ಮಿನ ಆಳವನ್ನು ಕತ್ತರಿಸಬೇಕು; ಇಬ್ಬರೂ ಒಂದೇ ಕಡೆ ಕೂತರೆ ಇಬ್ಬರ ಮಾತೂ ಕೇಳದು. ಎಂಬತ್ತೋ ತೊಂಬತ್ತೋ ಸಲ ಪ್ರಯತ್ನಿಸಿರಬೇಕು. ಕೋಣೆಯ ಇನ್ನಿಬ್ಬರಿಗೂ ಆ ತತ್ವಪದ ಬಾಯಿಗೆ ಬಂತು.

ಸುದ್ದಿ ಮಂಡಳಿಗೆ ಮುಟ್ಟಿತು. ದೀಪಾವಳಿಗೆ ಊರಿಗೆ ಬಂದವನನ್ನು ಹಿರಿಯರೊಬ್ಬರು ಗುಡಿಯ ಮುಂದೆಯೇ ತಡೆದರು.

‘ಶರೀಫಜ್ಜನ ಪದಕ್ಕ ಕುಣಿಯೂ ಪೆಟ್ಟಿಗಿ ಹಚ್ಚೀಯಂತಲ್ಲೋ ತಮ್ಮಾ? ನಾಳೆ ಲಾರಿ ಮ್ಯಾಲೆ ಕುಡುದು ಕುಣಿಯಾವ್ರು ಅದಕ್ಕ ಕುಣೀತಾರ. ಅದನ್ನೂ ನೋಡಬೇಕೇನು ನಾವು?’

ಈ ಪ್ರಶ್ನೆಯನ್ನು ಹಳೆಯ ಕಾಲದವರ ಹಟ ಎಂದು ತಳ್ಳಿಹಾಕುವುದು ತಪ್ಪು. ಮಂಡಳಿಯ ನಡುವೆ ಇರುವ ಪೇಟಿಯೇ ಯುರೋಪಿನಿಂದ ಬಂದದ್ದು, 1940ರಲ್ಲಿ ಆಕಾಶವಾಣಿ ಅದನ್ನು ನಮ್ಮ ಸಂಗೀತಕ್ಕೆ ಒಗ್ಗದ ವಾದ್ಯವೆಂದು ದಶಕಗಳ ಕಾಲ ಹೊರಗಿಟ್ಟಿತ್ತು ಎಂದೆಲ್ಲ ಉತ್ತರ ಕೊಡಬಹುದು. ಆದರೆ ಹಿರಿಯರು ಕೇಳಿದ್ದು ವಾದ್ಯದ ಕುಲ ಯಾವುದೆಂದಲ್ಲ, ಪದ ಯಾರ ಕೈಗೆ ಹೋಗುತ್ತದೆ ಎಂದು. ಹುಡುಗನಿಗೆ ಅದು ತಿಳಿಯಿತು. ‘ಲಾರಿಗೆ ಕೊಡಾಂಗಿಲ್ರಿ ಕಾಕಾ. ಮೊದಲ ನೀವು ಕೇಳ್ರಿ. ಬ್ಯಾಡ ಅಂದ್ರ ಅಳಸತೀನಿ’ ಎಂದ. ಅವರು ‘ಮೊದಲ ನಿಮ್ಮಪ್ಪ ಕೇಳಲಿ’ ಎಂದು ಕೈಬೀಸಿ ಹೊರಟುಹೋದರು.

ಅಪ್ಪ ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡರು. ರುಮಾಲು ತೆಗೆಯಲೊಪ್ಪದೆ ಅದರ ಮೇಲೆಯೇ ಸಿಕ್ಕಿಸಿಕೊಂಡದ್ದರಿಂದ ಎರಡು ಸಲ ಜಾರಿತು. ಮಗ ದನಿಯನ್ನು ಹದಕ್ಕೆ ಇಳಿಸಿಕೊಟ್ಟ. ಆರು ನಿಮಿಷ ಅವರ ಬಲಗೈ ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಎರಡನೆಯ ನುಡಿಯ ಹೊತ್ತಿಗೆ ಎಡಗೈಯೂ ಸೇರಿತು. ಮುಗಿದ ಮೇಲೆ ತೆಗೆದಿಟ್ಟು, ಎಲೆಡಿಕೆಯ ಚೀಲ ಬಿಚ್ಚುತ್ತ, ‘ಮೂರನೇ ನುಡ್ಯಾಗ ತಾಳದಾಂವ ಹಿಂದ ಬಿದ್ದಾನ’ ಎಂದರು.

‘ಇಲ್ಲಪಾ, ನಾ ನೂರು ಸಲ ಕೇಳೀನಿ.’

‘ನೂರ ಒಂದನೇ ಸಲ ಕೇಳು.’

ಮಗ ಪರದೆಯ ಟೇಪು ಕಿತ್ತು, ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದ. ಮೂರನೆಯ ನುಡಿ ತಿರುಗುವಲ್ಲಿ ತಬಲಾದ ಪೆಟ್ಟು ಒಂದು ಕಡೆ, ತಾಳದ ಮೊನೆ ಕೂದಲೆಳೆಯಷ್ಟು ಆಚೆ. ಅಳೆದರೆ ಸೆಕೆಂಡಿನ ಸಾವಿರದ 60 ಭಾಗ. ಆವತ್ತು ತಾಳ ಹಿಡಿದಿದ್ದವರು ಗುಡಿಯ ಮುಂದೆ ತಡೆದ ಆ ಹಿರಿಯರೇ. ಬರುವ ಅಮಾವಾಸ್ಯೆಗೆ ಪದವನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಬೇಕೆಂದು ಅಪ್ಪ ಮಗ ಒಪ್ಪಿದ್ದಾರೆ. ಕಾರಣವೇನೆಂದು ಅವರಿಗೆ ಯಾರು ಹೇಳುವುದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.